ಮೂಗುಬಂಡೆಯ ದಾರಿ

ಟಾಪು, ಅಂಡಮಾನ್
೧೨ ನವೆಂಬರ್ ೧೯೯೫

ಪ್ರೀತಿಯ ರಾಜೀವಿ,

ಮೊನ್ನೆಯ ಹಡಗಿನಲ್ಲಿ ನಿನ್ನ ಕಾಗದ ಬಂತು. ‘ಇಂಜೆಕ್ಷನ್ನು, ಹೆರಿಗೆ, ಮಲೇರಿಯ ಬಿಟ್ಟು ಬೇರೆ ಏನಾದರೂ ಬರೆ’ ಎಂದಿದ್ದೀಯ. ನರ್ಸಮ್ಮ ಬೇರೆ ಏನು ಬರೆದಾಳು ಎಂದುಕೊಂಡೆ. ಆದರೆ ಈ ಸಲ ಇದೆ.

ಹೋದ ವಾರ ತಿಮಿಂಗಿಲ ನೋಡಿದೆ.

ಈ ದ್ವೀಪಕ್ಕೆ ಸರ್ಕಾರದ ನಕ್ಷೆಯಲ್ಲಿ ಉದ್ದ ಹೆಸರಿದೆ. ಇಲ್ಲಿರುವ ನಲವತ್ತು ಮನೆಯವರೂ ‘ಟಾಪು’ ಅನ್ನುತ್ತಾರೆ. ಹಿಂದಿ ಟೀಚರಿಗೆ ಅರ್ಥ ಹೇಳಬೇಕಾಗಿಲ್ಲವಲ್ಲ, ದ್ವೀಪ ಅಂತಲೇ. ನನ್ನ ಕ್ವಾರ್ಟರ್ಸಿನಿಂದ ಕಡಲಂಚು ಹಿಡಿದು ದಕ್ಷಿಣಕ್ಕೆ ನಡೆದರೆ ಮೊದಲು ಮರಳು, ಆಮೇಲೆ ಬೇರು ತುಂಬಿದ ಕೆಸರು, ಆಮೇಲೆ ಏರು. ನಮ್ಮ ಹೈಸ್ಕೂಲಿನ ಹಿಂದಿನ ಗುಡ್ಡದಷ್ಟೇ ಕಡಿದು. ಒಂದು ಬದಿಗೆ ಕಾಡು, ಇನ್ನೊಂದು ಬದಿಗೆ ಬರೀ ಆಳ. ತುದಿಯಲ್ಲಿ ಒಂದು ಬಂಡೆ ಕಡಲಿನ ಮೇಲೆ ಮೂಗು ಚಾಚಿಕೊಂಡಿದೆ. ಮೂಗುಬಂಡೆ ಎಂದು ನಾನೇ ಹೆಸರಿಟ್ಟಿದ್ದೇನೆ.

ಅಲ್ಲಿ ಕೂತಿದ್ದೆ. ನೀರು ಎಣ್ಣೆ ಸುರಿದ ಹಾಗೆ ನಿಂತಿತ್ತು. ದೂರದಲ್ಲಿ ಯಾರೋ ಹಸಿ ಸೌದೆಯ ಒಲೆ ಊದಿದಂತೆ ಬುಸ್ ಎಂದಿತು. ನೋಡುತ್ತೇನೆ, ನೀರಿನಿಂದ ಓರೆಯಾಗಿ ಹೊಗೆ. ಹೊಗೆಯ ಕೆಳಗೆ ಬಚ್ಚಲ ಹಂಡೆ ಬೋರಲು ಹಾಕಿದಂಥ ಬೆನ್ನು. ಐದಾರು ಸಲ ಉಸಿರು ಬಿಟ್ಟು, ಬಾಲ ಎತ್ತಿ, ಸದ್ದಿಲ್ಲದೆ ಒಳಗೆ ಹೋಯಿತು. ಮತ್ತೆ ಮೇಲೆ ಬರುವ ಹೊತ್ತಿಗೆ ನನ್ನ ಕಾಲು ಜೋಮು ಹಿಡಿದಿತ್ತು.

ಡಿಸೆಂಬರಿನಿಂದ ಫೆಬ್ರವರಿವರೆಗೆ ಕಡಲು ಹೀಗೇ ಇರುತ್ತದೆ. ನೀನು ಬಂದರೆ ಇಬ್ಬರೂ ನಡೆದು ಹೋಗಬಹುದು. ಶಾಲೆಯಲ್ಲಿದ್ದಾಗ ನಿನ್ನ ಹಿಂದೆ ಓಡಿ ಓಡಿ ಸುಸ್ತಾಗುತ್ತಿದ್ದವಳು ನಾನು. ಈಗ ನೋಡೋಣ.

ಮಮತಾ


ತ್ಯಾಗಲಿ
೨೦ ಡಿಸೆಂಬರ್ ೧೯೯೫

ಪ್ರೀತಿಯ ಮಮತಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನಾಲ್ಕನೆಯ ಸಲ ನಮ್ಮನೆಯವರಿಗೆ ಓದಿ ಹೇಳಿದೆ. (ಅನಂತಮೂರ್ತಿ ಎಂದು ಬರೆಯಲು ನನಗೆ ಇಷ್ಟು ವರ್ಷವಾದರೂ ಕೈ ಬರುವುದಿಲ್ಲ, ನಗಬೇಡ.)

‘ತಿಮಿಂಗಿಲ ನೋಡಲೆ ಅಷ್ಟು ದೂರ ಎಂತಕ್ಕೆ?’ ಅಂದರು.

‘ಅಷ್ಟು ದೊಡ್ಡದಾಗಿದ್ದೂ ಅದು ಯಾರಿಗೂ ಉಪದ್ರ ಕೊಡ್ತಿಲ್ಲೆ. ಅಂಥದ್ದನ್ನ ಒಂದು ಸಲ ನೋಡವು’ ಅಂದೆ.

ಎಲೆಗೆ ಸುಣ್ಣ ಹಚ್ಚುತ್ತಿದ್ದವರು ತಲೆ ಎತ್ತಿ ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. ‘ಹಂಗಾರೆ ಹೋಗಿ ಬಾ’ ಅಂದರು. ಆಮೇಲೆ ಅವರಿಗೇ ಭಯವಾಯಿತು ಅಂತ ಕಾಣುತ್ತದೆ. ‘ಹಡಗಲ್ಲಿ ವಾಂತಿ ಆಗ್ತಡ. ನಿಂಬೆಹಣ್ಣು ತಗಂಡು ಹೋಗವು’ ಎಂದು ಊಟದ ನಡುವೆ ಎರಡು ಸಲ ನೆನಪಿಸಿದರು.

ಈ ವರ್ಷ ರಜೆ ಸಿಗುವುದಿಲ್ಲ. ಬರುವ ವರ್ಷ ಕಳೆದು, ತೊಂಬತ್ತೇಳರ ಜನವರಿಗೆ ಖಂಡಿತ. ನಾನು ಈಗಲೇ ಅಭ್ಯಾಸ ಶುರು ಮಾಡಿದ್ದೇನೆ. ಕಾನಸೂರಿಗೆ ಹೋಗುವಾಗ ಬಸ್ಸಿನಿಂದ ಒಂದು ಸ್ಟಾಪು ಮೊದಲೇ ಇಳಿದು ಶಾಲೆಗೆ ನಡೆಯುತ್ತೇನೆ. ಮಕ್ಕಳೆಲ್ಲ ಬಸ್ಸಿನ ಕಿಟಕಿಯಿಂದ ‘ಟೀಚರ್, ಬಸ್ಸಿಗೆ ದುಡ್ಡಿಲ್ವಾ?’ ಎಂದು ಕೂಗುತ್ತಾರೆ. ಕೂಗಲಿ. ನಾನು ತಿಮಿಂಗಿಲ ನೋಡಲು ಹೊರಟವಳು.

ನಿನ್ನ ರಾಜೀವಿ


ಟಾಪು
೫ ಮಾರ್ಚ್ ೧೯೯೬

ರಾಜೀವಿ,

ತೊಂಬತ್ತೇಳರ ಜನವರಿ ಎಂದು ಔಷಧಿ ಕಂಪನಿಯ ಕ್ಯಾಲೆಂಡರಿನ ಹಿಂಬದಿಗೆ ಬರೆದಿಟ್ಟಿದ್ದೇನೆ. ಮುಂಬದಿಯಲ್ಲಿ ಆ ವರ್ಷ ಇನ್ನೂ ಇಲ್ಲವಲ್ಲ.

ಹಿಡಿತ ಇರುವ ಬೂಟು ತಾ, ಚಪ್ಪಲಿಯಲ್ಲಿ ಆ ಏರು ಆಗುವುದಿಲ್ಲ. ಪಕ್ಕದ ಮನೆಯ ದುರ್ಗಿಗೆ ನಿನ್ನ ವಿಷಯ ಹೇಳಿದೆ. ಆಂಧ್ರದ ಮೀನುಗಾರರವಳು, ನನಗೆ ಇಲ್ಲಿ ಅಕ್ಕನ ಹಾಗೆ. ‘ಮೀನು ತಿನ್ನುವುದಿಲ್ಲವಾ? ಮತ್ತೆ ಬದುಕಿದ್ದು ಹೇಗೆ?’ ಎಂದು ನಿಜವಾಗಿಯೂ ಗಾಬರಿಯಾದಳು. ಈಗ ನಿನಗಾಗಿ ಮನೆಯ ಹಿಂದೆ ಬಸಳೆ ಹಾಕಿದ್ದಾಳೆ. ಬಸಳೆಗೆ ಒಂದು ವರ್ಷ ಬೇಡ ಎಂದರೆ ಕೇಳುವುದಿಲ್ಲ.

ಈ ಸಲ ಎರಡು ಕಂಡವು. ಒಂದು ಬಹಳ ದೂರ.

ಮಮತಾ


ತ್ಯಾಗಲಿ
೨ ನವೆಂಬರ್ ೧೯೯೬

ಮಮತಾ,

ಜನವರಿಗೆ ಬರಲು ಆಗುವುದಿಲ್ಲ. ಮೊಣಕಾಲು ನೋವು. ಶಾಲೆಯಲ್ಲೂ ಕೆಲಸ ಹೆಚ್ಚು. ನೀನು ಕಾಯುವುದು ಬೇಡ.

ಇಲ್ಲಿ ಮಳೆ ಬಿಟ್ಟಿದೆ. ಬೇರೆ ವಿಶೇಷ ಇಲ್ಲ.

ರಾಜೀವಿ


ಟಾಪು
೯ ಜನವರಿ ೧೯೯೭

ರಾಜೀವಿ,

ನಿನ್ನ ನಾಲ್ಕು ಸಾಲು ತಲುಪಿದವು. ಅಷ್ಟರಲ್ಲಿ ನೀನು ಟಾಪುವಿಗೆ ಬರಲು ಬೇಕಾದ ಪರವಾನಗಿಗೆ ಪೋರ್ಟ್ ಬ್ಲೇರಿನಲ್ಲಿ ಸಹಿ ಆಗಿತ್ತು. ಅದು ಹೋಗಲಿ.

ಮೊಣಕಾಲು ನೋವು ಎಂದಿದ್ದೀಯ. ನನ್ನ ತಮ್ಮ ಮನೋಹರ ಬಿಳಗಿಯಿಂದ ಬರೆದಿದ್ದಾನೆ. ದೀಪಾವಳಿಯ ಹೊತ್ತಿಗೆ ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ನಿನ್ನನ್ನು ಕಂಡನಂತೆ. ಗಂಡನ ಜೊತೆ ಹುಬ್ಬಳ್ಳಿ ಬಸ್ಸು ಹತ್ತುತ್ತಿದ್ದೆಯಂತೆ. ‘ಚೆನ್ನಾಗೇ ನಡೀತಿದ್ರು. ನಾ ಎದುರಿಗೆ ಹೋಗಿ ಮಾತಾಡ್ಸಿದ್ರೆ ಗುರ್ತೇ ಸಿಗದಂಗೆ ಹೋದ್ರು ಕಣೇ ಅಕ್ಕ’ ಎಂದು ಬರೆದಿದ್ದಾನೆ.

ನಾನು ಪೆದ್ದಿ. ನಿನಗಾಗಿ ಅನ್ನದ ಪಾತ್ರೆ, ತಟ್ಟೆ, ಲೋಟ ಎಲ್ಲ ಹೊಸದು ತರಿಸಿದ್ದೆ, ಮೀನು ಮುಟ್ಟದ್ದು ಇರಲಿ ಎಂದು. ಈಗ ಅನ್ನಿಸುತ್ತಿದೆ, ಮೀನಿನದಷ್ಟೇ ಪ್ರಶ್ನೆಯಾಗಿರಲಿಲ್ಲ. ನಮ್ಮಂಥ ನಾಯ್ಕರ ಮನೆಯಲ್ಲಿ ಹತ್ತು ದಿನ ಉಂಡು ಮಲಗುವುದು ಕಾಗದದಲ್ಲಿ ಸುಲಭ, ಹತ್ತಿರ ಬಂದಾಗ ಕಷ್ಟ. ಒಂಬತ್ತನೇ ಕ್ಲಾಸಿನಲ್ಲಿ ನಿಮ್ಮ ಮನೆಗೆ ಬಂದಾಗ ನನಗೆ ಜಗುಲಿಯ ಹೊರತುದಿಯಲ್ಲಿ ಎಲೆ ಹಾಕಿದ್ದನ್ನು ನಾನು ಮರೆತಿಲ್ಲ. ಆದರೆ ಅದನ್ನು ಯಾವತ್ತೂ ನಿನ್ನ ಮೇಲೆ ಹೊರಿಸಿರಲಿಲ್ಲ. ನಿನ್ನ ಅಮ್ಮ ಹಾಕಿದ್ದು, ನೀನು ಆಗ ಚಿಕ್ಕವಳು.

ಈಗ ನೀನು ಚಿಕ್ಕವಳಲ್ಲ.

ಮಮತಾ


ತ್ಯಾಗಲಿ
೨೫ ಆಗಸ್ಟ್ ೧೯೯೭
(ಅಂಚೆ ಕಾರ್ಡು)

ಮಮತಾ, ಬರುವ ಜನವರಿಗೆ ಬರುತ್ತೇನೆ, ನೀನು ಬೇಡ ಎನ್ನದಿದ್ದರೆ. ಬೇರೆ ಪಾತ್ರೆ ಬೇಡ. ನೀನು ಅಂದುಕೊಂಡದ್ದು ಕಾರಣವಲ್ಲ. ಕಾರಣ ಅಲ್ಲಿ ಬಂದೇ ಹೇಳುತ್ತೇನೆ. ಕಾರ್ಡಿನಲ್ಲಿ ಬರೆದರೆ ಟಪಾಲಿನ ಮಾದೇವ ಊರಿಗೆಲ್ಲ ಓದಿ ಹೇಳಿಯಾನು. (ಮಾದೇವ, ಇದನ್ನೂ ಓದಿದೆಯಾ?) ರಾಜೀವಿ.


ಟಾಪು
೩೦ ಸೆಪ್ಟೆಂಬರ್ ೧೯೯೭

ರಾಜೀವಿ,

ಕಾರ್ಡು ಬಂತು. ಬಾ.

ಮದ್ರಾಸಿನಿಂದ ಹಡಗು ಮೂರು ದಿನ. ಪೋರ್ಟ್ ಬ್ಲೇರಿನಲ್ಲಿ ನಮ್ಮ ಆಫೀಸಿನ ಶಾರದವ್ವ ಎಂಬವರು ಬಂದು ಕರೆದೊಯ್ಯುತ್ತಾರೆ. ಗದಗದ ಕಡೆಯವರು, ನೀನು ಕನ್ನಡ ಮಾತಾಡಿದರೆ ಬಿಡುವುದೇ ಇಲ್ಲ. ಅಲ್ಲಿಂದ ಟಾಪುವಿಗೆ ಚಿಕ್ಕ ಹಡಗು, ಹತ್ತು ದಿನಕ್ಕೊಮ್ಮೆ. ಪರವಾನಗಿ ಮತ್ತೆ ಮಾಡಿಸಿದ್ದೇನೆ.

ಒಂದು ಮಾತು. ಜನವರಿಯಲ್ಲೇ ಬಾ. ಮುಂದೆ ಹಾಕಬೇಡ. ಮುಂದೆ ಹಾಕುವುದಾದರೆ ಬರುವುದೇ ಬೇಡ.

ಮಮತಾ


ಟಾಪು
೧೭ ಜನವರಿ ೧೯೯೮
(ಮೇಜಿನ ಮೇಲೆ ಇಟ್ಟ ಚೀಟಿ)

ರಾಜೀವಿ, ನನ್ನನ್ನು ಬೈಯಬೇಡ. ನಿನ್ನ ಹಡಗು ನಾಳೆ ಬರುತ್ತದೆ, ನಾನು ಇವತ್ತು ಹೊರಟಿದ್ದೇನೆ. ಒಬ್ಬ ಬಸುರಿಗೆ ರಕ್ತ ನಿಲ್ಲುತ್ತಿಲ್ಲ. ಪೋರ್ಟ್ ಬ್ಲೇರಿಗೆ ಪೊಲೀಸ್ ಬೋಟು ಸಿಕ್ಕಿದೆ. ಅವಳನ್ನು ಒಬ್ಬಳನ್ನೇ ಕಳಿಸಿದರೆ ದಾರಿಯಲ್ಲೇ ಹೋಗುತ್ತಾಳೆ. ವಾಪಸು ಬರಲು ನನಗಿರುವುದು ಮುಂದಿನ ಹಡಗು ಮಾತ್ರ, ನೀನು ಹೊರಡುವುದೂ ಅದರಲ್ಲೇ.

ಮನೆ ನಿನ್ನದು. ದುರ್ಗಿ ಮೂಗುಬಂಡೆಗೆ ಕರೆದುಕೊಂಡು ಹೋಗುತ್ತಾಳೆ. ಒಬ್ಬಳೇ ಹೋಗಬೇಡ. ಅಕ್ಕಿ ಡಬ್ಬದಲ್ಲಿದೆ. ಹೊಸ ಪಾತ್ರೆ ಕಪಾಟಿನ ಮೇಲಿದೆ, ಹಳೆಯದು ಒಲೆಯ ಪಕ್ಕ. ನಿನಗೆ ಬೇಕಾದ್ದು ತೆಗೆದುಕೋ.

ಮಮತಾ


ಟಾಪು, ನಿನ್ನ ಮನೆ
೧೯ ಜನವರಿ ೧೯೯೮

ಪ್ರೀತಿಯ ಮಮತಾ,

ನಿನ್ನ ಮನೆಯಲ್ಲಿ ಕೂತು ನಿನಗೇ ಕಾಗದ ಬರೆಯುತ್ತಿದ್ದೇನೆ. ಎಂಥ ಅವಸ್ಥೆ.

ನಿನ್ನೆ ಹಡಗು ಇಳಿದಾಗ ಕಟ್ಟೆಯ ಮೇಲೆ ನೀನಿರಲಿಲ್ಲ. ನನಗೆ ಅನ್ನಿಸಿದ್ದು ಒಂದೇ, ನಿನ್ನ ಸಿಟ್ಟು ಇಳಿದಿಲ್ಲ. ‘ಬರುವುದೇ ಬೇಡ’ ಎಂದು ಬರೆದಿದ್ದೆಯಲ್ಲ, ಮದ್ರಾಸಿನಿಂದ ಇಲ್ಲಿಯವರೆಗೂ ಅದೇ ಸಾಲು ತಲೆಯಲ್ಲಿತ್ತು. ದುರ್ಗಿ ನನ್ನ ಕೈಯಿಂದ ಚೀಲ ಕಿತ್ತುಕೊಂಡು ‘ಸಿಸ್ಟರ್ ಗಯೀ, ಬಚ್ಚಾ ಬಚಾನೇ’, ಮಗು ಉಳಿಸಲು ಹೋಗಿದ್ದಾಳೆ, ಎಂದಾಗ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ.

ಒಲೆಯ ಪಕ್ಕದ ಹಳೆಯ ಪಾತ್ರೆಯಲ್ಲೇ ಅನ್ನ ಮಾಡಿದೆ. ಸ್ವಲ್ಪ ಮೀನಿನ ವಾಸನೆ ಇತ್ತು, ಇಲ್ಲ ಎಂದರೆ ಸುಳ್ಳಾಗುತ್ತದೆ. ಉಂಡೆ.

ಈಗ ಕಾರಣ ಹೇಳುತ್ತೇನೆ. ಎದುರಿಗೆ ನೀನಿದ್ದರೆ ಹೇಳಲು ಬಾಯಿ ಬರುತ್ತಿತ್ತೋ ಇಲ್ಲವೋ.

ತೊಂಬತ್ತಾರರ ಮಳೆಗಾಲದಲ್ಲಿ ನನಗೆ ಏನೋ ಆಯಿತು. ಯಾರೂ ಸಾಯಲಿಲ್ಲ, ಯಾರೂ ಜಗಳ ಮಾಡಲಿಲ್ಲ. ಒಂದು ಬೆಳಿಗ್ಗೆ ಶಾಲೆಗೆ ಹೊರಟವಳು ಸೀರೆ ಉಡುವುದು ಅರ್ಧಕ್ಕೆ ಬಿಟ್ಟು ಮಂಚದ ಮೇಲೆ ಕೂತೆ. ಏಳಲು ಆಗಲಿಲ್ಲ. ಮರುದಿನವೂ ಆಗಲಿಲ್ಲ. ಊಟ ಮಣ್ಣಿನ ಹಾಗೆ, ಮಾತು ದೂರದಿಂದ ಬಂದ ಹಾಗೆ. ಇವರು ಮೊದಲು ಪಿತ್ತ ಎಂದರು, ಆಮೇಲೆ ಯಾರದೋ ದೃಷ್ಟಿ ಎಂದರು, ಕೊನೆಗೆ ಏನೂ ಅನ್ನದೆ ಪಕ್ಕದಲ್ಲಿ ಕೂತರು.  ನಿನ್ನ ತಮ್ಮ ನೋಡಿದ್ದು ಧಾರವಾಡಕ್ಕೆ ಹೊರಟ ದಿನ. ಅವನನ್ನು ನಾನು ನೋಡಿದ್ದೇ ನೆನಪಿಲ್ಲ. ಅವನಿಗೆ ಹೇಳು.

ಧಾರವಾಡದ ಡಾಕ್ಟರು ವಯಸ್ಸಾದವರು. ‘ಇದೂ ಒಂದು ಜಡ್ಡರೀ ಅಕ್ಕಾರ. ಕಾಲು ಮುರದ್ರ ನಾಚ್ಕೋತೀರೇನು? ಹಂಗ ಇದೂ’ ಎಂದರು. ಆದರೂ ನಾಚಿಕೆಯಾಯಿತು. ಹುಚ್ಚಿನ ಡಾಕ್ಟರ ಹತ್ತಿರ ಹೋಗಿದ್ದಾಳೆ ಎಂದು ಶಾಲೆಯಲ್ಲಿ ಗೊತ್ತಾದರೆ? ಅದಕ್ಕೇ ಎಲ್ಲರಿಗೂ ಮೊಣಕಾಲು ಎಂದೆ. ನಿನಗೂ ಅದನ್ನೇ ಬರೆದೆ. ನಿನ್ನ ಸಿಟ್ಟಿನ ಕಾಗದ ಬಂದಾಗ ಉತ್ತರ ಬರೆಯಲು ಪೆನ್ನು ಹಿಡಿಯುವ ಶಕ್ತಿಯೂ ಇರಲಿಲ್ಲ. ಆದರೆ ಓದಿ ಅತ್ತೆ. ಎಷ್ಟೋ ತಿಂಗಳಿನಿಂದ ಅಳುವೂ ಬಂದಿರಲಿಲ್ಲ. ಅಳು ಬಂತಲ್ಲ ಎಂದು ಇವರಿಗೆ ಸಂತೋಷ.

೨೩ ಜನವರಿ

ಮೂರು ದಿನ ಮೂಗುಬಂಡೆಗೆ ಹೋಗಿ ಬಂದೆವು. ಮೊದಲ ಎರಡು ದಿನ ಏನೂ ಇಲ್ಲ. ಆ ದಾರಿಯೇ ಸಾಕು ಅನ್ನಿಸಿತ್ತು. ಕೆಸರಿನಲ್ಲಿ ಒಂದು ಬೂಟು ಹೂತುಹೋಗಿ ದುರ್ಗಿ ಮೊಣಕೈವರೆಗೆ ಕೈ ಹಾಕಿ ಎಳೆದಳು. ಏರಿನಲ್ಲಿ ಉಸಿರು ಹತ್ತಿ ನಿಂತಾಗ ಕೆಳಗೆ ನೀರು ಎಷ್ಟು ತಿಳಿ ಎಂದರೆ ಆಮೆಯ ನೆರಳು ತಳದಲ್ಲಿ ಬೇರೆಯಾಗಿ ಹೋಗುತ್ತಿತ್ತು.

ಇವತ್ತು ಬಂಡೆಯ ಮೇಲೆ ಕೂತು ಅವಲಕ್ಕಿ ತಿನ್ನುತ್ತಿದ್ದೆವು. ದುರ್ಗಿ ನನ್ನ ಮಂಡಿ ಹಿಡಿದಳು. ಬಂಡೆಯ ಕೆಳಗೇ, ಕಲ್ಲು ಎಸೆದರೆ ತಾಗುವಷ್ಟು ಹತ್ತಿರ, ಒಂದು ಕಪ್ಪು ದಿಮ್ಮಿ ತೇಲುತ್ತಿತ್ತು. ಅದು ಉಸಿರು ಬಿಟ್ಟಿತು! ಗಾಳಿ ನಮ್ಮ ಕಡೆಗಿತ್ತು. ತುಂತುರು ಬಂದು ಮುಖಕ್ಕೆ, ಅವಲಕ್ಕಿಗೆ, ಎಲ್ಲದಕ್ಕೂ ಬಿತ್ತು. ಏನು ನಾತ ಮಾರಾಯ್ತಿ! ಅದನ್ನು ನೀನು ಬರೆದೇ ಇಲ್ಲ. ನನಗೆ ನಗು ಬಂತು. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ನಕ್ಕೆ, ನಿಲ್ಲಿಸಲು ಆಗಲಿಲ್ಲ. ದುರ್ಗಿ ಅಳುತ್ತಿದ್ದೇನೆ ಎಂದುಕೊಂಡು ಬೆನ್ನು ಸವರಿದಳು.

ಮಮತಾ, ಅದು ಏನೂ ಮಾಡಲಿಲ್ಲ. ನೆಗೆಯಲಿಲ್ಲ, ಆಡಲಿಲ್ಲ. ತಲೆಯ ಮೇಲೆ ಹಳೆಯ ಗಾಯದ ಗೆರೆಗಳು. ಸುಮ್ಮನೆ ಬಿದ್ದುಕೊಂಡು ಉಸಿರಾಡುತ್ತಿತ್ತು. ಆ ಮಳೆಗಾಲದಲ್ಲಿ ನಾನು ಮಾಡಿದ್ದೂ ಅಷ್ಟನ್ನೇ. ಆಗ ಅದನ್ನು ಸೋಮಾರಿತನ, ಹೇಡಿತನ ಎಂದು ನನ್ನನ್ನು ನಾನೇ ಎಷ್ಟು ಬೈದುಕೊಂಡೆ. ಇದನ್ನು ನೋಡುವಾಗ ಹಾಗೆ ಅನ್ನಿಸಲಿಲ್ಲ. ಇದು ದಣಿದಿದೆ, ಉಸಿರು ತೆಗೆದುಕೊಳ್ಳುತ್ತಿದೆ, ಅಷ್ಟೇ ಅನ್ನಿಸಿತು. ಬಹಳ ಹೊತ್ತಾದ ಮೇಲೆ ಬೆನ್ನು ಬಾಗಿಸಿ, ಆ ದೊಡ್ಡ ಬಾಲ ಎತ್ತಿ, ನೀರು ಸೋರಿಸುತ್ತ ಹೋಯಿತು. ನೀರಿನ ಮೇಲೆ ಒಂದು ನಯವಾದ ವೃತ್ತ ಉಳಿಯಿತು. ಅದೂ ಮೆಲ್ಲಗೆ ಹೋಯಿತು.

೨೮ ಜನವರಿ

ಹಡಗು ಕಾಣುತ್ತಿದೆ. ಇದನ್ನು ನಿನ್ನ ದಿಂಬಿನ ಕೆಳಗೆ ಇಡುತ್ತೇನೆ. ಕಟ್ಟೆಯ ಮೇಲೆ ಎದುರಾದಾಗ ನಾನು ಬೇರೆ ಏನಾದರೂ ಮಾತಾಡಿಯೇನು. ತಪ್ಪು ತಿಳಿಯಬೇಡ.

ರಾಜೀವಿ


ಪೋರ್ಟ್ ಬ್ಲೇರ್
೧೦ ಮಾರ್ಚ್ ೧೯೯೮

ಪ್ರೀತಿಯ ರಾಜೀವಿ,

ನಿಜವಾಗಿಯೂ ನೀನು ಬೇರೆಯೇ ಮಾತಾಡಿದೆ. ಹಡಗು ಸರಕು ಇಳಿಸುವಷ್ಟು ಹೊತ್ತು ನಮಗೆ ಸಿಕ್ಕಿದ್ದು. ನೀನು ಬಸುರಿಯ ವಿಷಯ ಕೇಳಿದೆ, ತಾಯಿ ಮಗು ಇಬ್ಬರೂ ಉಳಿದರು ಎಂದು ನಾನು ಹೇಳಿದೆ. ಆಮೇಲೆ ಇಬ್ಬರೂ ಒಬ್ಬರ ಕೂದಲು ಒಬ್ಬರು ನೋಡಿದೆವು, ಎಷ್ಟು ಬೆಳ್ಳಗಾಗಿದೆ ಎಂದು. ಏಣಿ ಹತ್ತಿ ನಿಂತ ಮೇಲೆ ನೀನು ಅಲ್ಲಿಂದ ಕೂಗಿದೆ: ‘ನಿನ್ನ ಮನೇಲಿ ಸಾರಿಗೆ ಇಂಗೇ ಇಲ್ಲ ಮಾರಾಯ್ತಿ!’ ಇಡೀ ಹಡಗು ತಿರುಗಿ ನೋಡಿತು.

ಮನೆಗೆ ಬಂದು ಕಾಗದ ಓದಿದೆ. ಹೊಸ ಪಾತ್ರೆಗಳು ಕಪಾಟಿನ ಮೇಲೆ ಧೂಳು ಹಿಡಿದು ಹಾಗೇ ಇದ್ದವು. ಅವತ್ತು ರಾತ್ರಿ ಊಟ ಸೇರಲಿಲ್ಲ. ಇಪ್ಪತ್ತು ವರ್ಷ ರೋಗಿಗಳನ್ನು ನೋಡಿದ ನರ್ಸು ನಾನು. ನಾಲ್ಕು ಸಾಲಿನ ನಿನ್ನ ಆ ಕಾಗದ ಕೈಯಲ್ಲಿ ಹಿಡಿದು, ಇಡೀ ಬಸ್ಸಿಗೆ ಕೇಳುವ ಹಾಗೆ ನಗುವ ಹುಡುಗಿ ಹೀಗೇಕೆ ಬರೆದಳು ಎಂದು ಒಂದು ಕ್ಷಣವಾದರೂ ಯೋಚಿಸಬೇಕಿತ್ತು. ಮನೋಹರನಿಗೂ ಬರೆದಿದ್ದೇನೆ.

ನಾನೂ ಒಂದು ವಿಷಯ ಹೇಳಿರಲಿಲ್ಲ. ನನಗೆ ಇಲ್ಲಿಗೆ ವರ್ಗವಾಗಿದ್ದು ಹೋದ ಆಗಸ್ಟಿನಲ್ಲೇ. ನಿನ್ನ ಕಾರ್ಡು ಬಂದ ಮೇಲೆ ಆಫೀಸರ ಕಾಲು ಹಿಡಿದು ಜನವರಿ ಮುಗಿಯುವವರೆಗೆ ತಡೆ ಹಿಡಿಸಿದೆ. ಅದಕ್ಕೇ ಮುಂದೆ ಹಾಕಬೇಡ ಎಂದದ್ದು. ಹೇಳಿದ್ದರೆ ನೀನು ‘ನನಗಾಗಿ ಯಾಕೆ’ ಎಂದು ಬರುವುದನ್ನೇ ಬಿಡುತ್ತಿದ್ದೆ. ನೋಡು, ಅಷ್ಟೆಲ್ಲ ಮಾಡಿ ನಿನ್ನ ಜೊತೆ ಒಂದು ಹೆಜ್ಜೆಯೂ ನಡೆಯಲಿಲ್ಲ.

ಈಗ ದೊಡ್ಡ ಆಸ್ಪತ್ರೆಯಲ್ಲಿದ್ದೇನೆ. ಕೋಣೆ ಎರಡನೇ ಮಹಡಿಯಲ್ಲಿ. ಟಾಪು ಬಿಡುವ ದಿನ ದುರ್ಗಿ ಕಟ್ಟೆಯವರೆಗೆ ಬಂದು, ಒಂದು ಕಟ್ಟು ಬಸಳೆ ಕೈಗಿಟ್ಟು ವಾಪಸು ಹೋದಳು.

ಮಮತಾ


ತ್ಯಾಗಲಿ
೨೦ ಏಪ್ರಿಲ್ ೧೯೯೮

ಪ್ರೀತಿಯ ಮಮತಾ,

ನಾನು ಚೆನ್ನಾಗಿದ್ದೇನೆ. ಮಾತ್ರೆ ಅರ್ಧಕ್ಕೆ ಇಳಿದಿದೆ. ಹೋದ ವಾರ ಸ್ಟಾಫ್ ರೂಮಿನಲ್ಲಿ ಯಾರೋ ಮೊಣಕಾಲು ಹೇಗಿದೆ ಎಂದು ಕೇಳಿದರು. ಮೊಣಕಾಲಿಗೆ ಏನೂ ಆಗಿರಲಿಲ್ಲ, ಮನಸ್ಸಿಗೆ ಆಗಿತ್ತು, ಧಾರವಾಡದಲ್ಲಿ ಔಷಧಿ ಮಾಡಿದರು ಎಂದೆ.  ಸಂಜೆ ಬಸ್ಸಿನಲ್ಲಿ ಗಿರಿಜವ್ವ ಟೀಚರು ನನ್ನ ಪಕ್ಕ ಬಂದು ಕೂತು, ಮೆಲ್ಲಗೆ, ‘ಆ ಡಾಕ್ಟರ್ ವಿಳಾಸ ಕೊಡ್ತೀರೇನ್ರಿ?’ ಎಂದರು.

ಇವರಿಗೆ ತಿಮಿಂಗಿಲದ ಕಥೆ ಎಷ್ಟು ಹೇಳಿದರೂ ಸಾಲದು. ‘ಬಾಲ ಎಷ್ಟು ಅಗಲ? ನಮ್ಮ ಅಂಗಳದಷ್ಟಾ?’ ಎಂದು ದಿನಕ್ಕೊಂದು ಅಳತೆ ಕೇಳುತ್ತಾರೆ.

ನಿನ್ನ ಕೋಣೆಯಿಂದ ಕಡಲು ಕಾಣುತ್ತದೆಯೇ? ಬರೆ.

ರಾಜೀವಿ


ಪೋರ್ಟ್ ಬ್ಲೇರ್
೧೯ ಜುಲೈ ೧೯೯೮

ರಾಜೀವಿ,

ಉತ್ತರ ತಡವಾಯಿತು. ಇಲ್ಲಿ ಕೆಲಸ ಜಾಸ್ತಿ. ಕಡಲು ಕಾಣುವುದಿಲ್ಲ, ಪಕ್ಕದ ಕಟ್ಟಡದ ಗೋಡೆ ಇದೆ.

ಸ್ವಲ್ಪ ದಿನದಿಂದ ರಜೆಯಲ್ಲಿದ್ದೇನೆ. ಸಾಮಾನ್ಯ ಸುಸ್ತು, ಗಾಬರಿ ಬೇಡ. ಶಾರದವ್ವ ಊಟ ತಂದಿಡುತ್ತಾರೆ. ಬರೆಯುವಂಥದ್ದು ಬೇರೆ ಏನಿಲ್ಲ.

ಮಮತಾ


ತ್ಯಾಗಲಿ
೬ ಆಗಸ್ಟ್ ೧೯೯೮

ಮಮತಾ,

ನಿನ್ನ ಕಾಗದ ಇವತ್ತು ಬೆಳಿಗ್ಗೆ ಬಂತು. ಅದನ್ನು ಓದಲು ನನಗೆ ಕಷ್ಟವಾಗಲಿಲ್ಲ. ಆ ಭಾಷೆ ನನಗೆ ಬರುತ್ತದೆ.

ಶಾಲೆಗೆ ಹೋಗಿ ಹೆಡ್‌ಮಾಸ್ತರರಿಗೆ ರಜೆ ಅರ್ಜಿ ಕೊಟ್ಟೆ. ಮಳೆಗಾಲದಲ್ಲಿ ಹಡಗಿನಲ್ಲಿ ಹೋಗುವುದು ಒಳ್ಳೆಯದಲ್ಲ ಎಂದರು. ಸಹಿ ಹಾಕಿ ಎಂದೆ. ಮನೆಗೆ ಬಂದು ಇವರಿಗೆ ಕಾಗದ ಕೊಟ್ಟೆ. ಕನ್ನಡಕ ಹಾಕಿಕೊಂಡು ಓದಿದರು, ಮಡಿಸಿದರು, ಮತ್ತೆ ಬಿಚ್ಚಿ ಓದಿದರು.

‘ನೀ ಒಬ್ಳೇ ಹೋಪದು ಬೇಡ. ಆನೂ ಬತ್ತೆ’ ಎಂದರು.

‘ನಿಮಗೆ ಹಡಗು ಆಗ್ತಿಲ್ಲೆ’ ಎಂದೆ.

‘ನಿಂಗೆ ಹುಷಾರಿಲ್ಲದ ಕಾಲಕ್ಕೆ ಪಕ್ಕದಲ್ಲಿ ಸುಮ್ನೆ ಕುಂತ್ಕಂಬದು ಹ್ಯಾಂಗೆ ಹೇಳಿ ಯಂಗೆ ಗೊತ್ತಾಜು. ಅದು ಎಲ್ಲರಿಗೂ ಬತ್ತಿಲ್ಲೆ’ ಎಂದರು.

ಈಗ ಒಳಗೆ ಪೆಟ್ಟಿಗೆ ಕಟ್ಟುತ್ತಿದ್ದಾರೆ. ಮದ್ರಾಸಿನಿಂದ ಹನ್ನೊಂದರ ಹಡಗಿಗೆ ಶಾರದವ್ವನ ಆಫೀಸಿಗೆ ಫೋನು ಮಾಡಿ ಟಿಕೆಟ್ಟಿನ ಏರ್ಪಾಡು ಮಾಡಿದ್ದೇನೆ. ನೀನು ಏಳುವುದು ಬೇಡ, ಕೋಣೆ ಗುಡಿಸುವುದು ಬೇಡ, ಕಟ್ಟೆಗೆ ಬರುವುದು ಬೇಡ. ಮಾತಾಡಲೇಬೇಕೆಂದೂ ಇಲ್ಲ. ಬಾಗಿಲ ಚಿಲಕ ಮಾತ್ರ ಹಾಕಿಕೊಳ್ಳಬೇಡ.

ಈ ಕಾಗದ ನಿನ್ನನ್ನು ತಲುಪುವ ಹೊತ್ತಿಗೆ ನಾವು ಅಲ್ಲೇ ಇರುತ್ತೇವೆ. ಅಂಚೆಯವನು ಬಂದರೆ ನಾನೇ ತೆಗೆದುಕೊಳ್ಳುತ್ತೇನೆ.

ರಾಜೀವಿ